ಎಂಟನೆಯ ದಿನ

ತೆಮುಕೋದ ಆಸ್ಪತ್ರೆ. ಕಿಟಕಿ ಪಕ್ಕದ ಕುರ್ಚಿ.
"ಒರ್ಫೆಲಿನಾ ಕುರಿವಿಲ್" ಎಂದು ಕೂಗಿದ್ದೇ ತಡ
ಅಕ್ಕ ತೋಳು ಚಾಚಿ ಕೂತಳು,
ಅಕ್ಕಸಾಲಿಗೆ ಕೈಯಳತೆ ಕೊಡುವವಳ ಹಾಗೆ.

ಎರಡನೆಯ ಚೀಲದಲ್ಲಿ ಪ್ಲಾಟಿನಂ ಇದೆಯಂತೆ.
ನರ್ಸ್ ಹುಡುಗಿ ಹೇಳಿದ್ದು, ಸುಮ್ಮನೆ, ಮಾತಿಗೆ.
ಅಕ್ಕ ನಕ್ಕಳು: "ಅಜ್ಜಿಯ ಬೆಳ್ಳಿ ಪದಕ
ಅಡವಿಟ್ಟದ್ದು ಬಿಡಿಸಿಕೊಳ್ಳಲಾಗಲಿಲ್ಲ.
ಈಗ ನೋಡು, ಪುಕ್ಕಟೆ ಪ್ಲಾಟಿನಂ,
ಒಳಗಿಂದಲೇ ತೊಡಿಸುತ್ತಾರೆ."

ಮೊದಲು ಇದ್ದದ್ದು ಹರಳು.
ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡೇ
ಮೂಲಂಗಿ, ಸೊಪ್ಪು, ಕೊತ್ತಂಬರಿ ಹೊತ್ತು
ಚೋಲ್‌ಚೋಲಿನ ಮೊದಲ ಬಸ್ಸು ಹತ್ತಿದಳು.
ನೋವಿಗೆ ಬೋಲ್ದೊ ಎಲೆಯ ಕಷಾಯ.
ಬುಟ್ಟಿ ಕಿತ್ತುಕೊಂಡ ಪೊಲೀಸನ ಹಿಂದೆ
ಮೂರು ಬೀದಿ ಓಡಿದ್ದಳು ಒಮ್ಮೆ.
ಪಿತ್ತ ನೆತ್ತಿಗೇರುತ್ತಿತ್ತು, ಸಂಜೆಗೆ ಇಳಿಯುತ್ತಿತ್ತು.
ಈಗ ಏರುವುದಕ್ಕೆ ಪಿತ್ತಕೋಶವೇ ಇಲ್ಲ.

ಕೊಯ್ದು ತೆಗೆದರು. ಹರಳು ಡಬ್ಬಿಗೆ ಹಾಕಿ ಕೊಟ್ಟರು,
ಹನ್ನೊಂದು, ಜೇನಿನ ಬಣ್ಣದವು.
ಮೂರು ವಾರದ ಮೇಲೆ ಒಂದು ಕಾಗದ ಬಂತು.
ಅದರಲ್ಲಿ ಹರಳಿನ ಸುದ್ದಿ ಇರಲಿಲ್ಲ.
ಕೋಶದ ಗೋಡೆ ಅಂತಿತ್ತು, ಯಕೃತ್ತು ಅಂತಿತ್ತು.
ತಡ ಅಂತ ಎಲ್ಲೂ ಬರೆದಿರಲಿಲ್ಲ,
ಅದನ್ನು ಡಾಕ್ಟರು ಬಾಯಲ್ಲೇ ಹೇಳಿದರು.

ಒಂದನೆಯ ದಿನ, ಎಂಟನೆಯ ದಿನ,
ಆಮೇಲೆ ಒಂದು ವಾರ ಬಿಡುವು.
ಮತ್ತೆ ಒಂದು. ಮತ್ತೆ ಎಂಟು.
ಇನ್ನೆಷ್ಟು ಕಾಲ ಎಂದು ಕೇಳಿದ್ದು ನಾನು.
ಅಕ್ಕ ಕೇಳಿದ್ದು: "ಎಂಟನೆಯದು ಶನಿವಾರದ ಹತ್ತಿರ ಬೀಳದ ಹಾಗೆ
ನೋಡಲಾದೀತಾ? ಶನಿವಾರ ವ್ಯಾಪಾರ ಚೆನ್ನ."

ರೊಟ್ಟಿ ಬಾಯಿಗಿಟ್ಟರೆ ಕೀಲಿಕೈ ನೆಕ್ಕಿದ ಹಾಗಂತೆ.
ಕೊತ್ತಂಬರಿ ವಾಸನೆಗೆ ಎದ್ದು ಓಡುತ್ತಾಳೆ,
ಹುಟ್ಟಿದಂದಿನಿಂದ ಅದರಲ್ಲೇ ಮಿಂದವಳು.
ನಾನು ಮೂರು ಸಲ ಸೋಪು ಹಚ್ಚಿ ಕೈ ತೊಳೆದು
ಇಲ್ಲಿಗೆ ಬರುತ್ತೇನೆ, ಕಳ್ಳಿಯ ಹಾಗೆ.

ನಾಲ್ಕನೆಯ ಸುತ್ತಿಗೆ ಸ್ಕ್ಯಾನು.
"ಬೆಳೆದಿಲ್ಲ. ಕುಗ್ಗಿಯೂ ಇಲ್ಲ.
ಒಳ್ಳೆಯ ಸುದ್ದಿಯೇ ಅನ್ನಿ," ಅಂದರು ಡಾಕ್ಟರು.
ಮೆಟ್ಟಿಲಿಳಿಯುವಾಗ ಅಕ್ಕ ನನ್ನ ಕಿವಿಯಲ್ಲಿ:
"ಮಲಗಿದೆ. ಮೆತ್ತಗೆ ನಡಿ."

ಬಿಡುವಿನ ವಾರ ಮಾರ್ಕೆಟ್ಟಿನ ಮೂಲೆಗೆ ಬಂದು ಕೂತಳು,
ಮೂಗಿನ ತನಕ ಉಣ್ಣೆ ಶಾಲು, ಗಾಳಿಗೆ ಬೆನ್ನು.
ಬೆರಳ ತುದಿಗೆ ಜೀವವಿಲ್ಲ,
ಹಿಡಿ ಎಷ್ಟೆಂದು ಹಿಡಿಗೇ ತಿಳಿಯದು.
ಕಟ್ಟಿದ ಒಂದೊಂದು ಕಟ್ಟೂ ಎರಡರಷ್ಟು ದಪ್ಪ.
ಗಿರಾಕಿಗಳು ಸಾಲುಗಟ್ಟಿದರು.
ನಾನು ಬಾಯಿ ಬಿಡಲಿಲ್ಲ.

ಹತ್ತೂವರೆಗೆ ಬುಟ್ಟಿ ಖಾಲಿ.
ಚಿಲ್ಲರೆಯನ್ನೆಲ್ಲ ನನ್ನ ಮಡಿಲಿಗೆ ಸುರಿದು
"ಕಡಿಮೆ ಬಂತಾ?" ಅಂದಳು.
ಇಲ್ಲ, ಅಂದೆ.
"ಸುಳ್ಳಿ. ನಾಳೆ ಇನ್ನೆರಡು ಬುಟ್ಟಿ ತಾ, ಹೆರ್ಮಿಂದಾ."