ಸಾಲದ ಉದ್ದೇಶ: ಗೊಬ್ಬರ

ಮಲಾವಿಯ ನಮ್ಮ ದೋವಾ ಗುಡ್ಡದ ಕಡೆ
ದುಡ್ಡಿಗೆ ಕ್ವಾಚಾ ಅನ್ನುತ್ತೇವೆ. ಬೆಳಗಾಯಿತು, ಎಂದರ್ಥ.
ಚಿಲ್ಲರೆಗೆ ತಂಬಾಲ; ಅಂದರೆ ಹುಂಜ.
ನೂರು ಹುಂಜ ಕೂಗಿದರೆ ಒಂದು ಬೆಳಗು,
ಲೆಕ್ಕ ಹಾಗೆ.
ಈಗ ಹುಂಜಗಳನ್ನು ಯಾರೂ ಮುಟ್ಟುವುದಿಲ್ಲ,
ಒಂದು ಬೆಳಗಿಗೆ ಒಂದು ಬೆಂಕಿಕಡ್ಡಿಯೂ ಬರುವುದಿಲ್ಲ.

ಸಂಘದ ಪೆಟ್ಟಿಗೆಗೆ ಮೂರು ಬೀಗ.
ಒಂದರ ಕೈ ಮೈಲೇಸಿಯ ಸೊಂಟದ ಗಂಟಿನಲ್ಲಿ,
ಒಂದು ಚರ್ಚಿನ ಗಂಟೆ ಹೊಡೆಯುವ ಲಾಮೆಕನ ಹತ್ತಿರ,
ಇನ್ನೊಂದು ಫಲೇಸಿ ಅಜ್ಜಿಯ ಉಪ್ಪಿನ ಡಬ್ಬಿಯಲ್ಲಿ ತುಕ್ಕು ತಿನ್ನುತ್ತ.
ನನ್ನದು ಪುಸ್ತಕ.
ಏಳನೇ ಕ್ಲಾಸು ಓದಿದ್ದೇನೆ, ಅಕ್ಷರ ದುಂಡಗಿದೆ,
ಬಿಝೆಕ್ ಬರೆಯಲಿ ಅಂದರು.

ಹೆಸರು. ಮೊತ್ತ. ಉದ್ದೇಶ. ಗಡುವು. ಹೆಬ್ಬೆಟ್ಟು.
ಇಪ್ಪತ್ತಮೂರು ಸಾಲ, ಇಪ್ಪತ್ತಮೂರು ಸಾಲು,
ಉದ್ದೇಶದ ಕೆಳಗೆ ಉದ್ದಕ್ಕೂ ಗೊಬ್ಬರ.
ಪೇಟೆಯ ಸಾಹೇಬರಿಗೆ ಆ ಪದ ಇಷ್ಟ.
ಬೇರೆ ಬರೆದರೆ ಪೆನ್ನಿನ ತುದಿಯಿಂದ ತಲೆ ಕೆರೆದುಕೊಳ್ಳುತ್ತಾರೆ.

ಜನವರಿಯಲ್ಲಿ ಎನೆಲೇಸಿ ಬಂದಳು.
ಕಣಜದಲ್ಲಿ ಇಲಿಯೂ ನಿಲ್ಲದ ತಿಂಗಳು.
ಆಗ ನಾವೆಲ್ಲ ಗಾನ್ಯುಗೆ ಹೋಗುತ್ತೇವೆ:
ಇನ್ನೊಬ್ಬರ ಹೊಲದ ಕಳೆ ಕಿತ್ತು
ಒಂದು ಬೋಗುಣಿ ಹಿಟ್ಟು ತರುವುದು.
ಅಷ್ಟರಲ್ಲಿ ನಮ್ಮ ಹೊಲದ ಕಳೆ
ನಮ್ಮ ಮೆಕ್ಕೆಜೋಳಕ್ಕಿಂತ ಎತ್ತರ.
ಅರವತ್ತು ಸಾವಿರ, ಅಂದಳು.
ಉದ್ದೇಶ?
ನನ್ನ ಪೆನ್ನು ನೋಡಿದಳು. ನಾನೇ ಬರೆದೆ.

ಮರುದಿನ ಅವಳ ತಲೆಯ ಮೇಲಿದ್ದದ್ದು
ಜೋಳದ ಮೂಟೆ. ಊರೆಲ್ಲ ನೋಡಿತು.
ಹೊಗೆ ನಾಲ್ಕು ಮನೆಗೆ ಕಾಣುವಂತೆ
ದಿನಕ್ಕೆರಡು ಸಲ ಎನ್ಸೀಮಾ ಮುದ್ದೆ ತಿರುವಿದಳು,
ಉಂಡಳು, ಮಕ್ಕಳಿಗೆ ಉಣ್ಣಿಸಿದಳು.
ಸಾಲ ತಿಂದವಳು, ಎಂದಿತು ಬೋರ್‌ವೆಲ್ಲಿನ ಸರದಿ.
ಅವಳು ಯಾರ ಹೊಲಕ್ಕೂ ಹೋಗಲಿಲ್ಲ.
ತನ್ನ ಮುಕ್ಕಾಲು ಎಕರೆಯಲ್ಲೇ ಬಗ್ಗಿದ್ದಳು,
ಎರಡು ಸಲ ಕಳೆ, ಮೂರನೇ ಸಲ ಬುಡಕ್ಕೆ ಮಣ್ಣು,
ಬೆನ್ನಿನ ಚಿತೆಂಜೆ ಬಟ್ಟೆಯಲ್ಲಿ ಕೂಸಿಗೆ ನಿದ್ದೆ.

ಏಪ್ರಿಲ್‌ನಲ್ಲಿ ಸಾಹೇಬರು ಬಂದರು.
ಗೊಬ್ಬರದ ರಸೀತಿ ಎಲ್ಲಿ?
ಎನೆಲೇಸಿ ಅವರನ್ನು ಹೊಲಕ್ಕೆ ಕರೆದೊಯ್ದಳು.
ತೆನೆಗಳು ಹೆಲ್ಮೆಟ್ಟಿಗೆ ತಾಗಿ ಟಕ್ಕೆಂದವು.
ಇದಕ್ಕೆ ಏನು ಹಾಕಿದೆ?
ನನ್ನನ್ನು, ಅಂದಳು.
ಅವರು ಅದನ್ನು ಬರೆದುಕೊಳ್ಳಲಿಲ್ಲ.
ಅವಳ ಸಾಲಿನ ಮುಂದೆ ಕೆಂಪು ಶಾಯಿಯಲ್ಲಿ
ದುರ್ಬಳಕೆ ಅಂತ ನನ್ನ ಕೈಯಲ್ಲೇ ಬರೆಸಿದರು.
ದುಂಡಗೇ ಬಂತು.

ಹದಿನಾಲ್ಕನೇ ಸಾಲು ನನ್ನದು.
ಬಿಝೆಕ್. ಅರವತ್ತು ಸಾವಿರ. ಗೊಬ್ಬರ.
ನಿಜಕ್ಕೂ ಗೊಬ್ಬರವೇ. ರಸೀತಿಗೆ ಮೊಹರಿದೆ,
ಮಡಿಕೆ ಬೀಳದಂತೆ ಬೈಬಲ್ಲಿನೊಳಗೆ ಇಟ್ಟಿದ್ದೇನೆ.
ಚೀಲ ಮಾತ್ರ ಮನೆಯಲ್ಲಿದ್ದದ್ದು ಒಂಬತ್ತು ದಿನ.
ಹತ್ತನೇ ರಾತ್ರಿ ಎಂಪೊನೇಲಾದ ವ್ಯಾಪಾರಿಗೆ
ಅರ್ಧ ಬೆಲೆಗೆ ಕೊಟ್ಟು ಹಿಟ್ಟು ತಂದೆ.
ಹಿಟ್ಟು ತೀರಿದ ಮೇಲೆ ಗಾನ್ಯುಗೆ ಹೋದೆ,
ಅದೇ ವ್ಯಾಪಾರಿಯ ಹೊಲಕ್ಕೆ.
ಚೀಲದ ಮೇಲೆ ನನ್ನ ಮಗಳು ಇದ್ದಿಲಲ್ಲಿ ಬರೆದ ಮೀನು ಹಾಗೇ ಇತ್ತು.
ಸೋಡಾ ಬಾಟಲಿಯ ಮುಚ್ಚಳದಲ್ಲಿ ಅಳೆದಳೆದು
ಅವನ ಗಿಡದ ಬುಡಕ್ಕೆ ಹಾಕಿದೆ.
ಚೆಲ್ಲಲಿಲ್ಲ. ಕೆಲಸ ಚೊಕ್ಕ ಅಂತ ಹೊಗಳಿದ.

ಗಡುವಿನ ದಿನ ಎನೆಲೇಸಿ
ಈಗ ಬೆಲೆ ನೆಲಕ್ಕೆ ಬಿದ್ದಿದೆ, ಸೆಪ್ಟೆಂಬರಿಗೆ ಮಾರುತ್ತೇನೆ ಅಂದಳು.
ಲಾಮೆಕ ಗೊಣಗಿದ. ಮೈಲೇಸಿ ಪುಸ್ತಕದ ಕೆಂಪು ತೋರಿಸಿದಳು.
ಸರಿ, ಎಂದು ಹೋದವಳು ಸಂಜೆ ತಿರುಗಿ ಬಂದು
ಎಪ್ಪತ್ತೆರಡು ಸಾವಿರ ಎಣಿಸಿದಳು;
ಆರು ಮೂಟೆ ಹೋಗಬೇಕಾದಲ್ಲಿ ಹತ್ತು ಹೋಗಿತ್ತು.
ನಾನು ಹೆಣ್ಣಾಡು ಮಾರಿ ತಂದದ್ದು ಮೂವತ್ತೊಂದು.
ಪಾಪ, ಗೊಬ್ಬರ ಹಾಕಿಯೂ ಬೆಳೆ ಬರಲಿಲ್ಲ,
ಎಂದು ನನಗೆ ಡಿಸೆಂಬರ್‌ವರೆಗೆ ಸಮಯ ಕೊಟ್ಟರು.
ಫಲೇಸಿ ಅಜ್ಜಿ ಏನೂ ಅನ್ನಲಿಲ್ಲ,
ಬೀಗದಕೈಗೆ ಅಂಟಿದ ಉಪ್ಪನ್ನು ನೆಕ್ಕಿ ಒರೆಸಿದಳು.

ರಾತ್ರಿ ಬ್ಲೇಡು ತಗೊಂಡು ಕೂತೆ.
ಮೊದಲು ಅವಳ ಕೆಂಪು ಕೆರೆದೆ. ಆಮೇಲೆ
ನನ್ನ ಸಾಲಿನ ಆ ಒಂದು ಪದ.
ಹಾಳೆ ತೆಳ್ಳಗಿತ್ತು, ತೂತು ಬಿತ್ತು.
ತೂತಿನಾಚೆ ಹೋದ ವರ್ಷದ ಪುಟ,
ಅದೇ ಕೈಬರಹ, ಅದೇ ಗೊಬ್ಬರ.
ಹೊರಗೆ ಹುಂಜ ಕೂಗಿತು, ಒಂದೇ ಒಂದು ಸಲ.
ಇನ್ನು ತೊಂಬತ್ತೊಂಬತ್ತು ಬಾಕಿ.