ಬಾಗಿಲು ತೆರೆದ ಲೆಕ್ಕ

ಪರೇಲಿನ ಚಾಳು, ಮೂರನೇ ಮಾಳಿಗೆ, ಖೋಲಿ ನಲವತ್ತೊಂದು.
ಪ್ಲಗ್ಗಿಗೂ ಗೋಡೆಗೂ ನಡುವೆ ಬೆಂಕಿಪೊಟ್ಟಣದಷ್ಟು ಮೀಟರು
ಸಿಕ್ಕಿಸಿ ಹೋಗಿದ್ದೆ, ಹದಿನಾಲ್ಕು ದಿನಕ್ಕೆ.
ಇನ್ನೂರು ಮನೆ, ಇನ್ನೂರು ಫ್ರಿಜ್ಜು, ನಮ್ಮ ಅಧ್ಯಯನ.
ಇಂದುಮತಿ ಪೆಡಣೇಕರ್ ಕೇಳಿದ್ದು ಒಂದೇ:
ಇದು ಕರೆಂಟು ತಿನ್ನುತ್ತದೇನು?
ತಿನ್ನುವುದಿಲ್ಲ ಕಾಕೂ, ತಿಂದದ್ದನ್ನು ಎಣಿಸುತ್ತದೆ.

ಗ್ರಾಫು ಬಂತು.
ಮಿಕ್ಕವರದು ಸಣ್ಣಗೆ ಉಸಿರಾಡುವ ಗೆರೆ,
ರಾತ್ರಿ ಮಲಗಿ, ಮಧ್ಯಾಹ್ನ ಒಂದಿಷ್ಟು ಏದುಸಿರು.
ನಲವತ್ತೊಂದರದು ಗರಗಸ.
ನಸುಕಿನ ನಾಲ್ಕರ ಮೇಲೊಂದು ಹಲ್ಲು, ಐದೂಕಾಲಿಗೆ ಇನ್ನೊಂದು,
ಹಗಲಿಡೀ ಒಂದರ ಬೆನ್ನಿಗೊಂದು.
ದಿನಕ್ಕೆ ಎರಡೂವರೆ ಯೂನಿಟ್ಟು, ಒಂಟಿ ಹೆಂಗಸಿಗೆ!
"ಗ್ಯಾಸ್ಕೆಟ್ ಹೋಗಿರಬೇಕು," ಅಂದರು ನಮ್ಮ ಸರ್,
"ವ್ಯರ್ಥದ ಪಟ್ಟಿಗೆ ಹಾಕು.
ಐದು ನಕ್ಷತ್ರದ ಹೊಸದು ಕೊಟ್ಟರೆ ಎಷ್ಟು ಉಳಿತಾಯ, ತೆಗೆ."
ತೆಗೆದೆ. ವರ್ಷಕ್ಕೆ ಆರುನೂರು ಚಿಲ್ಲರೆ.

ಆದರೂ ಒಮ್ಮೆ ನೋಡಿ ಬರೋಣವೆಂದು ಹೋದೆ.
ಹತ್ತರ ನೋಟು ಬಾಗಿಲಿಗೆ ಸಿಕ್ಕಿಸಿ ಎಳೆದೆ.
ಬಿಡಲಿಲ್ಲ. ರಬ್ಬರು ಗಟ್ಟಿಯಿತ್ತು.
ಒಳಗೆ
ಇಂದುಮತಿಯವರದೆನ್ನಲು ಅರ್ಧ ನಿಂಬೆಹಣ್ಣು, ಒಂದು ವಾಟಿ ಮೊಸರು.
ಸ್ಟೀಲಿನ ಡಬ್ಬಿಯಲ್ಲಿ ಮೂವತ್ತೆಂಟರ ಘಾಡಿಯವರ ಇನ್ಸುಲಿನ್,
ಮುಚ್ಚಳದ ಮೇಲೆ ಉಗುರುಬಣ್ಣದಲ್ಲಿ ಬರೆದ "ಘಾ".
ಕೆಳಮಾಳಿಗೆಯ ಕೂಸಿಗೆ
ತಾಯಿ ಹಿಂಡಿಟ್ಟು ಕೆಲಸಕ್ಕೆ ಹೋದ ಹಾಲು.
ಯಾರದೋ ಬಾಂಗಡೆ, ಏಳು ಸುತ್ತು ಪ್ಲಾಸ್ಟಿಕ್ಕಿನಲ್ಲೂ
ತನ್ನ ಹೆಸರು ತಾನೇ ಹೇಳುತ್ತ.
ತರಕಾರಿ ಖಾನೆಯಲ್ಲಿ ಒದ್ದೆ ಧೋತರದೊಳಗೆ
ಮಾರಿ ಉಳಿದ ಮಲ್ಲಿಗೆ.

"ಅವು ನನ್ನವ್ರೀ."
ಬೆನ್ನ ಹಿಂದೆ ಗದಗಿನ ಕನ್ನಡ. ನೀಲವ್ವ,
ದಾದರಿನ ಸೇತುವೆ ಕೆಳಗೆ ಹೂವಿನವಳು.
"ನಾಕಕ್ಕ ಬಂದು ಒಯ್ತೀನಿ, ಕದಾ ತಗದ ಇರ್ತೈತಿ.
ಬಾಡಿದ ಹೂವಿಗೆ ಯಾರ ರೊಕ್ಕಾ ಕೊಡ್ತಾರ?
ತಿಂಗಳಾ ನಲವತ್ತ ರೂಪಾಯಿ,
ಅಕ್ಕಾರು ಬ್ಯಾಡಂದ್ರೂ ಸಕ್ರಿ ಡಬ್ಬ್ಯಾಗ ಹಾಕಿ ಹೋಗ್ತೀನಿ."

ಎಣಿಸಿದೆವು ನಾವಿಬ್ಬರೂ,
ಗ್ಯಾಲರಿಯುದ್ದಕ್ಕೂ ಬೆರಳು ತೋರಿಸುತ್ತ, ಒಣಗುವ ಸೀರೆ ಸರಿಸುತ್ತ.
ಒಂಬತ್ತು ಮನೆ.
ಎರಡೂವರೆಯನ್ನು ಒಂಬತ್ತರಿಂದ ಭಾಗಿಸಿದೆ ಮೊಬೈಲಿನಲ್ಲಿ.
ನಂಬದೆ ಮತ್ತೊಮ್ಮೆ ಭಾಗಿಸಿದೆ.
ಕಾಲು ಯೂನಿಟ್ಟು, ಮೇಲೊಂದು ಚೂರು.
ಇನ್ನೂರರಲ್ಲಿ ಯಾರದೂ ಇಷ್ಟು ಕೆಳಗಿಲ್ಲ.

ಫಾರಮ್ಮಿನಲ್ಲಿ ಜಾಗ ಹುಡುಕಿದೆ:
ಕಂಪನಿ, ಲೀಟರು, ಖರೀದಿಯ ಇಸವಿ, ಮನೆಯ ಸದಸ್ಯರು.
ಸದಸ್ಯರ ಮುಂದೆ ನನ್ನದೇ ಅಕ್ಷರದಲ್ಲಿ
ಒಂದು.
ಚಹಾ ಸೋಸುತ್ತ ಇಂದುಮತಿ ಕೇಳಿದರು, ತಪ್ಪು ಸಿಕ್ಕಿತೇ?
ಸಿಕ್ಕಿತು, ಅಂದೆ.

ಪೆನ್ನು ತೆಗೆದು ಒಂದನ್ನು ಒಂಬತ್ತು ಮಾಡುವಷ್ಟರಲ್ಲಿ
ಯಾವನೋ ಹುಡುಗ ನನ್ನನ್ನು ಪಕ್ಕಕ್ಕೆ ಸರಿಸಿ
ಬಾಗಿಲೆಳೆದು, ಐಸಿನ ಟ್ರೇ ಕುಕ್ಕಿ,
ಎರಡು ಬಾಯಿಗೆ, ಒಂದು ಅಂಗಿಯ ಜೇಬಿಗೆ,
ಮೊಣಕಾಲಿಂದ ಬಾಗಿಲು ಗುದ್ದಿ ಮುಚ್ಚಿ ಓಡಿದ.
ಕಂಪ್ರೆಸರು ಗುರ್ರೆಂದಿತು.
ಮೀಟರಿನ ಕೆಂಪು ಕಣ್ಣು ಮಿಣುಕಿ ಬರೆದುಕೊಂಡಿತು.

ಹತ್ತನೆಯ ಮನೆ ಇರಬೇಕು.