ಗಾದಿಯೊಳಗಿನ ಕಾಗದ

ಮಿರಗ ಹತ್ತಿದ ಮ್ಯಾಲ ಗೋವಾದಾಗ
ಯಾರೂ ಗಾದಿ ಬಿಚ್ಚಸೂದಿಲ್ಲ.
ಅರಳಿ ನೀರು ಕುಡದು ಮುದ್ದಿ ಆಗಿರ್ತದ,
ನಾವೂ ಹಂಗ.
ರಾಯಬಂದರದ ಫೆರಿ ಕಟ್ಟಿ ಬಾಜೂಕ
ಮೆಟಡೋರ ನಿಲ್ಲಿಸಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟು
ಕುಂತೇವಿ ನಾನು ಮತ್ತ ದಾವಲ.
ನಡುವ ಹಿಂಜೂ ಮಷಿನ್ನು, ಮಲಗಿದ ಎಮ್ಮಿ ಹಾಂಗ.

ಮೊದಲು ಇದು ಮಾಪ್ಸಾದ ಪಾವಿನ ಗಾಡಿ.
ಮಳಿ ಜೋರಾದ್ರ ತಗಡು ಇನ್ನೂ
ಹುದುಗು ಬಂದ ಹಿಟ್ಟಿನ ವಾಸನಿ ಬಿಡ್ತದ,
ಉಂಡು ಕೈ ತೊಳದ ಮ್ಯಾಲೂ ಹಸಿವಿ ಆಗ್ತದ.
ದಾವಲ ಅಂಗಾತ ಬಿದ್ದು ಚಾವಣಿಯ ರಿವೆಟ್ ಎಣಸ್ತಾನ:
ಇನ್ನೂರಾ ಹನ್ನೆರಡು.
ನನ್ನ ಲೆಕ್ಕ ಇನ್ನೂರಾ ಒಂಬತ್ತು.
ಇದರ ಸಲವಾಗಿ ಒಂದು ಮಂಗಳವಾರ ಮಾತು ಬಿಟ್ಟಿದ್ವಿ.
ಮೂರು ಮಾರು ಉದ್ದದ ಮನಿಯೊಳಗ ಮಾತು ಬಿಡೂದು
ಸಣ್ಣ ಕೆಲಸಲ್ಲ.
ಆಕಡಿ ಅವನ ಮೊಣಕೈ, ಈಕಡಿ ನನ್ನ ಮೊಣಕಾಲು,
"ಸರಿ" ಅನ್ನಲಿಕ್ಕೂ ಮಾತು ಬೇಕು.

ತಗಡಿನ ಮ್ಯಾಲ ಖಡುವಿನಿಂದ ಚೌಕಾಬಾರ ಬರದೇವಿ.
ಕಾಯಿ ಅಂದ್ರ, ಮಂದಿ ಗಾದಿಯೊಳಗ ಸಿಕ್ಕ ಗುಂಡಿ.
ಹಿಂಜುವಾಗ ಏನೇನೋ ಉದುರ್ತಾವು:
ಕೂದಲಪಿನ್ನು, ಹಾಲುಹಲ್ಲು, ಹರಿದ ಜಪಸರದ ಒಂದು ಮಣಿ.
ಬಂಗಾರ ಆದ್ರ ಎರಡೂ ಕೈಲೆ ಇಸಗೋತಾರ,
ಉಳಕಿದ್ದಕ್ಕ "ಒಗೀರಿ" ಅಂತಾರ.
ನಮಗ ಒಗೀಲಿಕ್ಕೆ ಬರೂದಿಲ್ಲ.
ಬಿಸ್ಕಿಟ್ ಡಬ್ಬಿ ತುಂಬೇದ.

ಈ ವರ್ಷ ಸಿಕ್ಕದ್ದು ಕಾಗದ.
ಸಾಲಿಗಾಂವದ ಹಳೇ ಜೋಡಿಗಾದಿ,
ಅಡಿಪದರದಾಗ, ನಾಕು ಮಡಿಕಿ.
ಅಕ್ಷರ ಇಂಗ್ಲಿಷಿಂದು, ಮಾತು ಕೊಂಕಣಿ.
ಕೊಂಕಣಿ ನನಗ ಕಿವಿಗೆ ಬರ್ತದ, ಕಣ್ಣಿಗೆ ಬರೂದಿಲ್ಲ.

ಫೆರಿಯೊಳಗ ಹಗ್ಗ ಒಗಿಯೋ ಕಾಯ್ತಾನಗ ಬರ್ತದ.
ನಡಕೋತ ಏರಾವ್ರಿಗೆ ಅಲ್ಲಿ ರೊಕ್ಕಿಲ್ಲ.
ಛತ್ರಿ ಹಿಡದು ಏರ್ತೀನಿ, ಚೋಡಣದಾಗ ಇಳಿಯೂದಿಲ್ಲ,
ಅದೇ ಫೆರಿಗೆ ತಿರುಗಿ ಬರ್ತೀನಿ.
ಹೊಳಿ ದಾಟೂದು ಒಂದು ಬೀಡಿ ಸೇದೂವಷ್ಟು ಹೊತ್ತು.
ಹಗ್ಗ ಬಿಚ್ಚಿದ ಮ್ಯಾಲ, ಹಗ್ಗ ಕಟ್ಟೂದರೊಳಗ
ಕಾಯ್ತಾನಗ ಎರಡು ಸಾಲಿನ ಪುರಸೊತ್ತು.
ಕೈ ಪ್ಯಾಂಟಿಗೆ ಒರಸಿಕೊಂಡು ಓದ್ತಾನ,
ಇಗರ್ಜಿಯೊಳಗ ಓದಿದ್ಹಂಗ, ದನಿ ತಗ್ಗಿಸಿ.

ನಾ ಏನೇನೋ ಅನಕೊಂಡಿದ್ದೆ.
ಮೊದಲ ದಿನ: ಹಂಚು ಹಾರ್ಯಾವ, ಅಡಗಿಮನಿ ಸೋರ್ತದ.
ಎರಡನೇ ದಿನ: ಕಾಯಿಗೆ ರೇಟಿಲ್ಲ, ಏರಾವ ಸಿಗವಲ್ಲ.
ಮೂರನೇ ದಿನ ಗಾಳಿ ಭಾಳ, ಫೆರಿ ಬಿಡಲಿಲ್ಲ.
ನಾಕನೇ ದಿನ: ಹಂದಿಗೆ ಜ್ವರ, ಏನು ಇಟ್ರೂ ಮೂಸೂದಿಲ್ಲ,
ನೀ ಇದ್ದಿದ್ರ ಏನರ ಮಾಡ್ತಿದ್ದಿ.

ಬರದಾಕಿ ಮನ್ಯಾಗ, ಓದಾಂವ ಹಡಗದ ಮ್ಯಾಲ,
ಅಂತ ಕಾಯ್ತಾನನ ಅಂದಾಜು.
ಹಂಗಾರ ಕಾಗದ ತಿರುಗಿ ಗಾದಿಯೊಳಗ ಹ್ಯಾಂಗ ಬಂತು?
ಅವನ ಸಂಗಟ ಬಂತೋ, ಅವನಿಲ್ಲದ ಬಂತೋ,
ಇಲ್ಲಾ ಅಕಿ ಟಪಾಲಿಗೇ ಹಾಕಲಿಲ್ಲೋ.
ಹಂದಿ ಜ್ವರ ಬೆನ್ನ ಕೆಳಗ ಇಟಗೊಂಡು
ಎಷ್ಟು ಮಳಿಗಾಲ ಮಲಗಿದ್ಲೋ.
ದಾವಲಗ ಹೇಳಿದ್ರ
"ಹಂದಿ ಸುದ್ದಿ ನಮಗ್ಯಾಕ" ಅಂತ ಮಗ್ಗಲ ಬದಲಿಸಿದ.

ಇವತ್ತ ಬಿಸಲು ಬಿತ್ತು.
ಬಸ್ತೋಡಾದಿಂದ ಫೋನು: ಒಂದು ಗಾದಿ, ಮೂರು ತಲಿದಿಂಬು,
ಮಧ್ಯಾಹ್ನದೊಳಗ ಬರ್ರಿ, ಮತ್ತ ಮೋಡ ಆಗ್ತದ.
ಗಾಲಿಯ ಕಲ್ಲು ತಗದೆ. ಚೌಕಾಬಾರದ ಗುಂಡಿ
ಅರ್ಧ ಆಟದಾಗ ಡಬ್ಬಿಗೆ ಹಾಕಿದೆ.
ದಾವಲ ಕೀಲಿ ತಿರುವಿದ. ಇಂಜಿನ್ ಕೆಮ್ಮಿತು, ಹಿಡೀತು.
ಆ ದಂಡಿಯಿಂದ ಫೆರಿ ಹೊಂಟಿತ್ತು,
ಮುಂದಿನ ಹಲಗಿ ಮ್ಯಾಲ ಕಾಯ್ತಾನ, ಕೈಯಾಗ ಹಗ್ಗ.

ದಾವಲ ಇಂಜಿನ್ ಬಂದ್ ಮಾಡಿದ.
ಗಾಜು ಒರಸಿದ. ಒರಸಿದ್ದನ್ನೇ ಮತ್ತ ಒರಸಿದ.
"ಇನ್ನ ಎಷ್ಟು ಉಳದದ?"
"ಮೂರು ದಾಟಿನಷ್ಟು."
"ಒಂದು ದಾಟು ಹೋಗಿ ಬಾ," ಅಂದ, ನನ್ನ ಕಡೆ ನೋಡದ,
"ಆ ಹಂದಿ ಏನಾತು, ಅಷ್ಟು ಕೇಳಿಕೊಂಡು ಬಾ."